ಬುಟ್ಟಿ ಬಿಟ್ಟು ಹೋದವರ ಪಟ್ಟಿ

ಮೊಬೈಲಿನಲ್ಲಿ ಸಾಮಾನು ಮಾರುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಮ್ಯಾನೇಜರ್ ಕೂಡ. ಆ್ಯಪಿನ ಬುಟ್ಟಿಗೆ ಸಾಮಾನು ಹಾಕಿ, ಕೊಳ್ಳದೆ ಅರ್ಧಕ್ಕೇ ಎದ್ದು ಹೋದವರಿಗೆ ಮರುದಿನ ಫೋನ್ ಮಾಡಿ, ಯಾಕೆ ಬಿಟ್ಟಿರಿ ಎಂದು ಕೇಳುವುದು ಅಕ್ಕನ ಕೆಲಸ. ಉತ್ತರ ಒತ್ತಲು ಅವಳ ಪರದೆಯಲ್ಲಿ ಮೂರು ಚೌಕಗಳಿದ್ದವು: ಬೆಲೆ ಹೆಚ್ಚು, ತಲುಪುವುದು ತಡ, ಮನಸ್ಸು ಬದಲಾಯಿತು. ಅವುಗಳ ಕೆಳಗೆ, ದೂರದ ನೆಂಟನಿಗೆ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟ ಹಾಗೆ, ‘ಇತರೆ’ ಎಂಬ ಒಂದು ಪುಟ್ಟ ಚೌಕ.

ಅಕ್ಕನಿಗೆ ಸಂಕಟ ತಂದದ್ದು ಆ ಪುಟ್ಟ ಚೌಕವೇ. ಆಫೀಸಿನ ಉಳಿದವರು ಒಂದು ನಿಮಿಷದಲ್ಲಿ ಫೋನ್ ಇಡುತ್ತಿದ್ದರು. ಇವಳ ದನಿ ಕೇಳಿದರೆ ಜನ ಮನೆಯವರ ಹತ್ತಿರ ಹೇಳಿಕೊಂಡಂತೆ ಎಲ್ಲ ಹೇಳಿಬಿಡುತ್ತಿದ್ದರು.

“ಮಗು ವಾಂತಿ ಮಾಡ್ಕೊಳ್ತಾ ಇತ್ತಮ್ಮಾ. ಆ ಹೊತ್ತಲ್ಲಿ ಪಾಸ್‌ವರ್ಡ್ ಬದಲಾಯಿಸಿ ಅಂದ್ರೆ ನಾನೇನು ಮಾಡ್ಲಿ?” ಎಂದ ಒಬ್ಬ ತಂದೆ.

“ಮೇಲಧಿಕಾರಿ ಬೈತಾ ಇದ್ರು, ನಾನು ಮೇಜಿನ ಕೆಳಗೆ ಆರ್ಡರ್ ಮಾಡ್ತಾ ಇದ್ದೆ. ನಿಮ್ಮ ಆ್ಯಪು ಇದ್ದಕ್ಕಿದ್ದ ಹಾಗೆ ಹಾಡೋಕೆ ಶುರು ಮಾಡ್ತು!” ಎಂದ ಒಬ್ಬ ಗುಮಾಸ್ತ.

ಇಂಥವರನ್ನೆಲ್ಲ ಅಕ್ಕ ಇತರೆಗೆ ಹಾಕುತ್ತಿದ್ದಳು.

ಸೋಮವಾರ ಮ್ಯಾನೇಜರ್ ಕರೆದರು. “ಅಕ್ಕಾ, ಎಲ್ಲರದ್ದೂ ನೂರಕ್ಕೆ ಹತ್ತು ಇತರೆ ಇದ್ರೆ ನಿಮ್ಮದು ನಲವತ್ತು. ಮೇಲಿನವರು ನನ್ನ ಕುತ್ತಿಗೆ ಹಿಡೀತಾರೆ. ಯಾರ ಕೆಲಸ ಮುಂದುವರಿಯುತ್ತೆ ಅನ್ನೋ ಪಟ್ಟಿ ಶುಕ್ರವಾರ ಹೋಗುತ್ತೆ. ಅಷ್ಟರೊಳಗೆ ಇಳಿಸಿ.”

“ಜನ ಹೇಳೋದೇ ಹಾಗೆ ಸಾರ್. ಆ್ಯಪಲ್ಲೇ ಏನೋ ತೊಡಕಿದೆ.”

“ಆ್ಯಪಲ್ಲಾ? ನಲವತ್ತು ಜನರನ್ನ ಕರೆಸಿ, ತಣ್ಣಗಿನ ರೂಮಲ್ಲಿ ಕೂರ್ಸಿ, ಕಾಫಿ ಬಿಸ್ಕತ್ತು ಕೊಟ್ಟು ಪರೀಕ್ಷೆ ಮಾಡ್ಸಿದೀನಿ. ನಾಲ್ಕೇ ನಿಮಿಷಕ್ಕೆ ಎಲ್ರೂ ಮುಗಿಸಿದ್ರು!”

ಅಕ್ಕ ತನ್ನ ಕುರ್ಚಿಗೆ ಮರಳಿದಳು. ಗಂಡನ ಕಾರ್ಖಾನೆ ಮುಚ್ಚಿ ಮೂರು ತಿಂಗಳಾಗಿತ್ತು. ಅತ್ತೆ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಮನೆ ನಡೆಯುತ್ತಿದ್ದುದು ಇವಳೊಬ್ಬಳ ಕೆಲಸದಿಂದ. ಮಂಗಳವಾರ, ಬುಧವಾರ ಎರಡು ದಿನವೂ ಅವಳು ಇಂಥವರಿಗೆಲ್ಲ ‘ಮನಸ್ಸು ಬದಲಾಯಿತು’ ಎಂದು ಒತ್ತಿದಳು. ಗಂಡನಿಗೆ ಎದೆನೋವು ಬಂದು ಫೋನ್ ಬಿಸಾಕಿ ಓಡಿದ ಒಬ್ಬ ಹೆಂಗಸಿಗೂ ಹಾಗೇ ಒತ್ತಿದಳು. ಇತರೆ ಹನ್ನೊಂದಕ್ಕೆ ಇಳಿಯಿತು.

ಬುಧವಾರ ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, “ನಾಳೆ ಮನೆಗೆ ಕರ್ಕೊಂಡು ಹೋಗಬಹುದು, ಆದ್ರೆ ಹಿಡ್ಕೊಂಡು ನಡೆಯೋಕೆ ವಾಕರ್ ಇರಲೇಬೇಕು,” ಎಂದರು. ಅಕ್ಕ ಅಲ್ಲೇ ವಾರ್ಡಿನ ಹೊರಗೆ ನಿಂತು ತನ್ನದೇ ಕಂಪನಿಯ ಆ್ಯಪು ತೆಗೆದಳು. ಒಂದು ಕೈಯಲ್ಲಿ ಬಟ್ಟೆ ಚೀಲ, ಕಂಕುಳಲ್ಲಿ ಎಕ್ಸ್-ರೇ ಲಕೋಟೆ. ವಾಕರ್ ಸಿಕ್ಕಿತು, ಬುಟ್ಟಿಗೆ ಹಾಕಿದಳು. ಕೂಡಲೇ ಬಣ್ಣದ ಚಕ್ರವೊಂದು ಎದ್ದು, ತಿರುಗಿಸಿ ಅದೃಷ್ಟ ನೋಡಿ ಎಂದಿತು. ಅದನ್ನು ಮುಚ್ಚುವಷ್ಟರಲ್ಲಿ ‘ಎರಡೇ ಉಳಿದಿವೆ’ ಎಂದು ಕೆಂಪಗೆ ಮಿಣುಕಿ, ಗಡಿಯಾರ ಹಿಂದಕ್ಕೆ ಓಡತೊಡಗಿತು.

“ಇಲ್ಲೊಂದು ಸಹಿ ಹಾಕಮ್ಮಾ,” ಎಂದಳು ನರ್ಸ್.

“ಲೇ, ನನ್ನ ಹಲ್ಲಿನ ಸೆಟ್ಟು ಎಲ್ಲಿಟ್ಟೆ? ಹಲ್ಲಿಲ್ದೆ ಡಾಕ್ಟರ ಮುಂದೆ ಹೇಗೆ ನಗಲಿ?” ಎಂದು ಒಳಗಿಂದ ಅತ್ತೆ ಕೂಗಿದರು.

ವಿಳಾಸ ಕೇಳಿತು, ಕೊಟ್ಟಳು. ಮತ್ತೆ ಕೇಳಿತು. ಓಟಿಪಿ ಬಂತು; ನೋಡಿಕೊಂಡು ಬರುವಷ್ಟರಲ್ಲಿ ಪುಟ ಮೊದಲಿಗೇ ಹೋಗಿ ಕೂತಿತ್ತು. ಮತ್ತೆ ಅದೇ ಚಕ್ರ. ಎಷ್ಟೋ ಜನರಿಗೆ ಫೋನಿನಲ್ಲಿ ದಾರಿ ತೋರಿಸಿದವಳಿಗೆ ಈಗ ಆ ಚಕ್ರ ಮುಚ್ಚುವ ಗುರುತು ಎಲ್ಲಿದೆ ಎಂದೇ ಕಾಣಲಿಲ್ಲ. ಫೋನ್ ಆರಿಸಿ ಚೀಲಕ್ಕೆ ಹಾಕಿ, ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಗೆ ಹೋದಳು.

ಅತ್ತೆಗೆ ವಾಕರ್ ಬೇಕೆಂದಾಗ ಅಂಗಡಿಯ ಮುದುಕ ಒಂದೇ ಪ್ರಶ್ನೆ ಕೇಳಿದ. “ಅವರ ಎತ್ತರ ಎಷ್ಟು?”

ಅಕ್ಕ ಕೈಯನ್ನು ತನ್ನ ಕಿವಿಯ ಹತ್ತಿರ ಹಿಡಿದು ತೋರಿಸಿದಳು. ಅವನು ವಾಕರಿನ ಕಾಲುಗಳನ್ನು ಎರಡು ತೂತು ಇಳಿಸಿಕೊಟ್ಟ.

ಗುರುವಾರ ಬೆಳಿಗ್ಗೆ ಅತ್ತೆಯನ್ನು ಮನೆಗೆ ಕರೆತರುವುದನ್ನು ಗಂಡನಿಗೆ ಬಿಟ್ಟು ಅಕ್ಕ ಕೆಲಸಕ್ಕೆ ಬಂದಳು. ಗುಂಗುರು ಕೂದಲಿನಿಂದಾಗಿ ಎಲ್ಲರೂ ಗುಂಗುರು ಎಂದೇ ಕರೆಯುವ ಪಕ್ಕದ ಕುರ್ಚಿಯ ಹುಡುಗಿ, ಬುಟ್ಟಿ ಬಿಟ್ಟವರ ಆ ದಿನದ ಪಟ್ಟಿ ನೋಡಿ ಕಿಸಕ್ಕನೆ ನಕ್ಕಳು. “ಅಕ್ಕಾ, ಇದು ನಿಮ್ಮ ನಂಬರಲ್ವಾ?”

ಪಟ್ಟಿಯ ಒಂದು ನಂಬರನ್ನೂ ಬಿಡುವಂತಿರಲಿಲ್ಲ. ಗುಂಗುರು ಫೋನ್ ಹಚ್ಚಿದಳು, ಅಕ್ಕ ಎರಡಡಿ ದೂರದಲ್ಲಿ ಎತ್ತಿಕೊಂಡಳು.

“ನಮಸ್ಕಾರ ಮೇಡಂ. ಬೆಲೆ ಹೆಚ್ಚಾಯ್ತಾ?”

“ಇಲ್ಲ ಕಣೇ.”

“ತಡ ಆಗುತ್ತೆ ಅಂತಾನಾ?”

“ಇಲ್ಲ.”

“ಹಾಗಾದ್ರೆ ಮನಸ್ಸು ಬದಲಾಯ್ತು ಅಂತ ಒತ್ತಿಬಿಡ್ಲಾ?”

ಅಕ್ಕ ಅವಳ ಕಡೆ ತಿರುಗಿದಳು. “ಬೇಡ. ನಂಗೆ ಅದು ಬೇಕೇ ಬೇಕಾಗಿತ್ತು. ಇತರೆ ಒತ್ತು.”

ಫೋನ್ ಇಟ್ಟು ಅವಳು ಎರಡು ದಿನದ ಪಟ್ಟಿ ತೆರೆದಳು. ‘ಮನಸ್ಸು ಬದಲಾಯಿತು’ ಎಂದು ತಾನು ಸುಳ್ಳು ಒತ್ತಿದ್ದನ್ನೆಲ್ಲ ಒಂದೊಂದಾಗಿ ಇತರೆಗೆ ಮರಳಿಸಿ, ಯಾರು ಏನು ಹೇಳಿದ್ದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಮಧ್ಯಾಹ್ನದ ಹೊತ್ತಿಗೆ ಇತರೆ ನಲವತ್ತೆರಡಾಯಿತು. ಮ್ಯಾನೇಜರ್ ಓಡಿ ಬಂದರು.

“ಅಕ್ಕಾ, ತಲೆ ಕೆಟ್ಟಿದೆಯಾ? ನಾಳೆ ಶುಕ್ರವಾರ!”

“ಗೊತ್ತು ಸಾರ್. ಅದಕ್ಕೆ ಮುಂಚೆ ನೀವೊಂದು ವಾಕರ್ ಆರ್ಡರ್ ಮಾಡಿ ನೋಡಿ. ಕೂರಬೇಡಿ, ನಿಂತುಕೊಂಡೇ.” ತನ್ನ ಚೀಲವನ್ನು ಅವರ ಕೈಗೆ ಕೊಟ್ಟು, ಒಂದು ಫೈಲನ್ನು ಕಂಕುಳಿಗೆ ಸಿಕ್ಕಿಸಿದಳು. ಅವರು ತಮಾಷೆಯೆಂದುಕೊಂಡು ಶುರು ಮಾಡಿದರು. ಗುಂಗುರು ರಜೆ ಚೀಟಿ ಹಿಡಿದು “ಇಲ್ಲೊಂದು ಸಹಿ ಸಾರ್” ಎಂದಳು. ಅಷ್ಟರಲ್ಲಿ ಅವರ ಹೆಂಡತಿಯ ಫೋನ್ ಬಂತು. ಅದು ಅಕ್ಕ ಹೂಡಿದ್ದಲ್ಲ, ತಾನಾಗಿ ಬಂದದ್ದು. “ಮೀಟಿಂಗಲ್ಲಿದೀನಿ” ಎಂದು ಹೇಳಿ ಮರಳಿ ನೋಡಿದರೆ ಪುಟ ಮೊದಲಿಗೆ ಹೋಗಿತ್ತು. ಚಕ್ರ ಎದ್ದು ನಿಂತಿತು. ಅವರು ಅದನ್ನು ಎರಡು ಸಲ ಕುಟ್ಟಿ, ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

“ಯಾವ ಚೌಕ ಒತ್ಲಿ ಸಾರ್?” ಎಂದಳು ಗುಂಗುರು.

ಮ್ಯಾನೇಜರ್ ಅಕ್ಕನ ಮೇಜಿನ ಮೇಲೆ ತೆರೆದಿದ್ದ ಪುಟಗಳತ್ತ ಕೈ ಚಾಚಿದರು. “ಆ ನೋಟ್‌ಬುಕ್ ಕೊಡಿ,” ಎಂದರು ಅಕ್ಕನಿಗೆ.

ಶುಕ್ರವಾರದ ಪಟ್ಟಿಯಲ್ಲಿ ಅಕ್ಕನ ಹೆಸರು ಇತ್ತು, ಕಟ್ಟಕಡೆಗೆ, ಮೂರು ತಿಂಗಳ ಮಟ್ಟಿಗೆ. ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಅದನ್ನು ತೆಗೆಯಲು ಮೇಲಿನವರು ಒಪ್ಪಬೇಕಂತೆ. ಇತರೆಯ ಪಕ್ಕದಲ್ಲಿ ಮಾತ್ರ ಎರಡು ಸಾಲು ಬರೆಯಲು ಜಾಗ ಬಂದಿತ್ತು. ಅಕ್ಕ ಮೊದಲ ನಂಬರು ಒತ್ತಿದಳು. ಬೆಲೆಯ ಮಾತು ಎತ್ತಲಿಲ್ಲ.

“ಬುಟ್ಟಿ ಬಿಟ್ಟಾಗ ನೀವು ಏನು ಮಾಡ್ತಾ ಇದ್ರಿ?” ಎಂದು ಕೇಳಿದಳು.