ಕೊನೆಯ ಐದು ನಿಮಿಷ

ಕುರ್ಚಿ ಬಾಗಿಲಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. ಒಳಗಿನಿಂದ ಮಗಳು ತಳ್ಳುತ್ತಿದ್ದಳು, ಹೊರಗಿನಿಂದ ಸೋದರಮಾವ ಎಳೆಯುತ್ತಿದ್ದ.

“ಓರೆ ಮಾಡೇ, ಓರೆ ಮಾಡು. ಕಾಲು ಮೊದ್ಲು ಬರ್ಲಿ.”

“ಅದೂ ಆಯ್ತು ಮಾವ. ಕೈ ಅಡ್ಡ ಬರುತ್ತೆ.”

“ಹಾಗಾದ್ರೆ ಒಳಗೆ ಹೇಗೆ ಹೋಯ್ತು ಇದು? ಬೀಜ ಹಾಕಿ ಬೆಳೆಸಿದ್ರಾ?”

ಮಗಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಗೋಡೆಯ ಆಚೆ ನಡುಮನೆಯಲ್ಲಿ ತಾಯಿಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಇನ್ನೂ ಎರಡು ಗಂಟೆಯಾಗಿರಲಿಲ್ಲ.

ಅಂಗಳದಲ್ಲಿ ಜನ ನಿಂತೇ ಇದ್ದರು. ಮನೆಯ ಸ್ಟೂಲು, ಬೆಂಚು, ಊಟದ ಮೇಜಿನ ಕುರ್ಚಿಗಳು ಎಲ್ಲ ಹೊರಗೆ ಹೋಗಿದ್ದವು. ಕೊನೆಗೆ ಉಳಿದದ್ದು ಈ ಪಕ್ಕದ ಕೋಣೆಯ ಎರಡು ಕುರ್ಚಿ. ತಾಯಿ ಕೂರುತ್ತಿದ್ದ ಸಣ್ಣ ಬೆತ್ತದ ಕುರ್ಚಿ ಸಲೀಸಾಗಿ ಹೋಯಿತು. ಪಾದ್ರಿಗಳು ಈಗ ಅದರ ಮೇಲೇ ಕೂತಿದ್ದರು. ಕಷ್ಟ ಹೇಳಿಕೊಳ್ಳಲು ಬಂದವರು ಕೂರುತ್ತಿದ್ದ ಅಗಲ ಕೈಗಳ ಈ ಕುರ್ಚಿ ಮಾತ್ರ ಹೊರಡಲೊಲ್ಲದು. ಒಳಗಿನ ಮಾತು ಹೊರಗೆ ಕೇಳಿಸಬಾರದೆಂದು ತಾಯಿ ಬಾಗಿಲಿಗೆ ಇನ್ನೊಂದು ದಪ್ಪ ಚೌಕಟ್ಟು ಕೂಡಿಸಿದ್ದಳು. ಕುರ್ಚಿ ಅದಕ್ಕಿಂತ ಹಳೆಯದು.

“ಬಿಡು, ಇಲ್ಲೇ ಬಿದ್ದಿರ್ಲಿ. ನಮ್ಮಕ್ಕನ ಹಾಗೇ ಹಟಮಾರಿ,” ಎಂದು ಮಾವ ಕೈ ಒರೆಸಿಕೊಂಡು ಹೋದ.

ಮಗಳು ಕುರ್ಚಿಯನ್ನು ಹಿಂದಕ್ಕೆ ಎಳೆದಳು. ನೆಲದಲ್ಲಿ ಸವೆದಿದ್ದ ನಾಲ್ಕು ಗುರುತುಗಳ ಮೇಲೆ ಅದರ ನಾಲ್ಕು ಕಾಲುಗಳು ತಾವಾಗಿ ಹೋಗಿ ನಿಂತವು.

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಬೆಳಗಿನಿಂದ ಅವಳ ಕಣ್ಣು ಅಲ್ಲೇ. ತಾಯಿ ಪ್ರತಿ ಗುರುವಾರ ಹೋಗಿ ಕಾಣುತ್ತಿದ್ದ ದರ್ಜಿಯಮ್ಮ ಇನ್ನೂ ಬಂದಿರಲಿಲ್ಲ.

“ಇವತ್ತು ಬೇಡ ಕಣೇ.” ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕ್ಷೌರ ಮಾಡಿಕೊಳ್ಳುವಾಗ ಗದ್ದದ ಹತ್ತಿರ ಕೊಯ್ದುಕೊಂಡು ಕಾಗದದ ಚೂರು ಅಂಟಿಸಿಕೊಂಡಿದ್ದರು, ತೆಗೆಯಲು ಮರೆತಿದ್ದರು.

“ಇವತ್ತೇ ಹೇಳ್ಬೇಕು ಅಂತ ಅಮ್ಮ ಮಾತು ತಗೊಂಡಿದಾಳೆ, ಅಪ್ಪ.”

“ಅವಳೇನೋ ಹೇಳಿ ಹೋದ್ಲು. ಇರೋರ ಗತಿ ಏನು? ಆ ಹೆಂಗಸಿಗೆ ಉಳಿದಿರೋದು ಅದೊಂದೇ. ‘ನನ್ನ ಮಗಳು ಪ್ರಾರ್ಥನೆ ಮಾಡಿ ಹೋದ್ಲು’ ಅನ್ನೋದು. ಅದನ್ನೂ ಕಿತ್ಕೋತೀಯಾ?”

ಮಗಳು ಎದ್ದು ಅಪ್ಪನ ಗದ್ದದ ಕಾಗದವನ್ನು ಬಿಡಿಸಿ ತೆಗೆದಳು.

*

ತಾಯಿಗೆ ಬೀದಿಯವರು ಇಟ್ಟ ಹೆಸರು ‘ಐವತ್ತು ನಿಮಿಷದಮ್ಮ’.

ಇಪ್ಪತ್ತಾರು ವರ್ಷ ಆ ಕೋಣೆಯಲ್ಲಿ ಕೂತು ಅವಳು ಜನರ ಮಾತು ಕೇಳಿದಳು. ಮನಶ್ಶಾಸ್ತ್ರ ಓದಿದ್ದಳು, ಆಮೇಲೆ ಎರಡು ವರ್ಷ ಬೈಬಲ್ ಶಾಲೆಗೂ ಹೋಗಿದ್ದಳು. ಒಬ್ಬೊಬ್ಬರಿಗೂ ಐವತ್ತು ನಿಮಿಷ. ಗಡಿಯಾರವನ್ನು ಬಂದವರ ತಲೆಯ ಹಿಂದೆ ತೂಗುಹಾಕಿದ್ದಳು, ಅವರಿಗೆ ಕಾಣಬಾರದು, ತನಗೆ ಕಾಣಬೇಕು. ನಲವತ್ತೈದು ನಿಮಿಷ ಕಣ್ಣು ತೆರೆದು ಕೇಳುವುದು. ಆಮೇಲೆ ಒಂದು ಪ್ರಶ್ನೆ: “ಇನ್ನೈದು ನಿಮಿಷ ಇದೆ. ಪ್ರಾರ್ಥನೆ ಬೇಕಾ, ಸುಮ್ನೆ ಕೂರೋಣ್ವಾ?” ಬೇಕು ಎಂದರೆ ಇಬ್ಬರೂ ಕಣ್ಣು ಮುಚ್ಚುವುದು. ಬೇಡ ಎಂದರೆ ಬೇಡ. ಸುಮ್ಮನೆ ಕೂತವರಿಗೂ ಬೀಳ್ಕೊಡುವಾಗ ಅದೇ ನಗು.

ಇದು ಯಾರಿಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ. “ನಂಬಿಕೆ ಇರೋರನ್ನ ಡಾಕ್ಟರ ಹತ್ರ ಯಾಕೆ ಕಳಿಸ್ತೀರಿ?” ಎಂದು ಹಿಂದಿನ ಪಾದ್ರಿಗಳು ಕೇಳುತ್ತಿದ್ದರು. “ಎಲ್ಲಾ ಸರಿ, ಕೊನೇಲಿ ಅದೊಂದು ಭಜನೆ ಯಾಕೆ ಮೇಡಂ?” ಎಂದು ಆಸ್ಪತ್ರೆಯ ಡಾಕ್ಟರು ಕೇಳುತ್ತಿದ್ದರು. ತಾಯಿ ಇಬ್ಬರಿಗೂ ಟೀ ಕೊಡುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು, “ಎರಡ್ರಲ್ಲಿ ಯಾವುದಮ್ಮ ವಾಸಿ ಮಾಡೋದು?”

“ಗೊತ್ತಿದ್ರೆ ಒಂದನ್ನ ಬಿಟ್ಬಿಡ್ತಿದ್ದೆ. ಹೋಗು, ಬಟ್ಟೆ ಒಣಗಿದ್ಯಾ ನೋಡು,” ಎಂದಿದ್ದಳು ತಾಯಿ.

ಒಂಬತ್ತು ವರ್ಷದ ಹಿಂದೆ ಒಂದನ್ನು ಬಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ.

*

“ನಮ್ಮನೇಲಿ ಟಿವಿ ಜಗಳ ಕಣಪ್ಪ,” ಅಂಗಳದಲ್ಲಿ ಬೇಕರಿಯವನು ಹೇಳುತ್ತಿದ್ದ. “ನಾನೂ ಇವಳೂ ಬಂದು ಕೂತು, ಮುಕ್ಕಾಲು ಗಂಟೆ ಕಿತ್ತಾಡಿದ್ವಿ. ಪುಣ್ಯಾತ್ಗಿತ್ತಿ ಎಲ್ಲಾ ಕೇಳಿ, ಕೊನೇಲಿ ನನ್ನ ಮುಖ ನೋಡಿ, ‘ನಿಮಗೆ ಸಾಯ್ಬೇಕು ಅನ್ನಿಸ್ತಿದ್ಯಾ?’ ಅಂದ್ರು.”

“ಇವರು ಏನಂದ್ರು ಕೇಳಿ,” ಅವನ ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “‘ನನಗಿಲ್ಲ, ರಿಮೋಟ್ ಕಿತ್ಕೊಂಡ್ರೆ ಇವಳಿಗೆ ಅನ್ನಿಸುತ್ತೆ’ ಅಂದ್ರು.”

ಸುತ್ತ ನಿಂತವರು ನಕ್ಕರು. “ನನ್ನ ಮಗ ಗಣಿತದಲ್ಲಿ ಫೇಲಾದಾಗ್ಲೂ ಅದೇ ಕೇಳಿದ್ರು.” “ನನಗೂ.” “ಎಲ್ರಿಗೂ ಕೇಳೋರು.”

“ಮೊದ್ಲು ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡೋರು,” ಎಂದಳು ಒಬ್ಬ ಮುದುಕಿ. “ಆಮೇಲೆ ಯಾಕೋ ಆ ಒಣ ಪ್ರಶ್ನೆ ಹಿಡ್ಕೊಂಡ್ರು. ಚರ್ಚಲ್ಲೂ ಬಾಯಿ ಬಿಡ್ತಿರ್ಲಿಲ್ಲ, ನೀವು ನೋಡಿದೀರಾ? ಎಲ್ರೂ ಆಮೆನ್ ಅಂದ್ರೆ ಅವರು ತುಟಿ ಬಿಗಿ ಹಿಡ್ದು ನಿಂತಿರೋರು.”

ಆಗ ಗೇಟು ಸದ್ದು ಮಾಡಿತು. ದರ್ಜಿಯಮ್ಮ ಒಳಗೆ ಬಂದಳು. ಕುಳ್ಳ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಹೊಲಿಗೆಯಿಂದ ಎದ್ದು ಬಂದವಳ ಹಾಗೆ. ಬೇಕರಿಯವನು ಬೆಂಚಿನಿಂದ ಎದ್ದು ಜಾಗ ಕೊಟ್ಟ. ಅವಳು ಕೂರದೆ ನೇರ ನಡುಮನೆಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತಳು. ಸತ್ತವಳು ತೊಟ್ಟಿದ್ದ ಬಿಳಿ ಉಡುಪಿನ ಕಾಲರನ್ನು ಎರಡು ಬೆರಳಲ್ಲಿ ಎಳೆದು ನೇರ ಮಾಡಿದಳು.

“ಭುಜ ಸಡಿಲ ಆಗ್ಬಿಟ್ಟಿದೆ,” ಎಂದಳು. “ಅಳತೆ ತಗೊಂಡಾಗ ಇಷ್ಟು ಇಳಿದಿರ್ಲಿಲ್ಲ.”

ಆಮೇಲೆ ಮಗಳ ಕಡೆ ತಿರುಗಿ, “ಆ ಕೋಣೇಲಿ ಸ್ವಲ್ಪ ಹೊತ್ತು ಕೂತ್ಕೋಬಹುದೇನಮ್ಮ? ನಾನು ಒಂದ್ಸಲಾನೂ ಒಳಗೆ ನೋಡಿಲ್ಲ,” ಎಂದಳು.

ಅಪ್ಪ ಮಗಳನ್ನು ನೋಡಿದರು. ಮಗಳು ನೆಲ ನೋಡುತ್ತ ಬಾಗಿಲು ತೆರೆದಳು.

*

ಆಸ್ಪತ್ರೆಯಲ್ಲಿ ಕೊನೆಯ ವಾರ ತಾಯಿ ಹೇಳಿದ್ದು ಇಷ್ಟು. ಯಾರ ಗುಟ್ಟನ್ನೂ ಮನೆಯೊಳಗೆ ತರದಿದ್ದವಳು ಈ ಒಂದನ್ನು ಮಾತ್ರ ಹೇಳಿದಳು, ಅದೂ ಮುಖ ಗೋಡೆಯ ಕಡೆ ಮಾಡಿ.

ದರ್ಜಿಯಮ್ಮನ ಮಗಳು ತನ್ನಮ್ಮನ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಏಳು ಸಲ ಬಂದಿದ್ದಳು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಡಾಕ್ಟರ ಹತ್ತಿರ ಹೋಗೆಂದರೆ ಮುಂದಿನ ವಾರ ಅನ್ನುವಳು. ಏಳನೆಯ ಸಲ ಅವಳ ಮುಖ ತಿಳಿಯಾಗಿತ್ತು. ಹಗುರಾಗಿ ಮಾತಾಡಿದಳು. ನಲವತ್ತೈದು ನಿಮಿಷವಾದಾಗ, “ಪ್ರಾರ್ಥನೆ ಬೇಕು ಆಂಟಿ, ಇವತ್ತು ನಾನೇ ಮಾಡ್ತೀನಿ,” ಎಂದಳು. ತಾಯಿಗೆ ಸಂತೋಷವಾಯಿತು. ತಾನಾಗಿ ಪ್ರಾರ್ಥನೆ ಮಾಡುತ್ತೇನೆ ಎಂದದ್ದು ಅದೇ ಮೊದಲು. ಇಬ್ಬರೂ ಕಣ್ಣು ಮುಚ್ಚಿದರು.

“ಸಾಕಪ್ಪ ದೇವರೇ,” ಎಂದಿತು ಆ ಹುಡುಗಿಯ ದನಿ. “ಇಲ್ಲೀವರೆಗೆ ನಾನು ನೋಡ್ಕೊಂಡೆ. ನಾಳೆಯಿಂದ ಅಮ್ಮನ್ನ ನೀನೇ ನೋಡ್ಕೋ.”

“ಆಮೆನ್,” ಎಂದಳು ತಾಯಿ.

“ಕಣ್ಣು ಬಿಟ್ಟುಕೊಂಡಿದ್ದಾಗ ಅದೇ ಮಾತು ಹೇಳಿದ್ದಿದ್ರೆ,” ಹಾಸಿಗೆಯಲ್ಲಿ ತಾಯಿ ಹೇಳಿದಳು, “ಎದ್ದು ಬಾಗಿಲು ಹಾಕ್ತಿದ್ದೆ. ಕೈ ಹಿಡ್ಕೊಂಡು ಕೇಳ್ತಿದ್ದೆ, ನಾಳೆ ನೀನು ಎಲ್ಲಿರ್ತೀಯಾ ಅಂತ. ಓದಿದ್ದೇ ಅದು. ನೂರು ಜನಕ್ಕೆ ಕೇಳಿದ್ದೆ. ಪ್ರಾರ್ಥನೇಲಿ ಬಂತು ನೋಡು, ನಂಬಿಕೆ ಅಂದ್ಕೊಂಡೆ. ದೇವರಿಗೆ ಹೇಳ್ತಿದಾಳೆ, ನನಗಲ್ಲ ಅಂದ್ಕೊಂಡೆ.”

ಮರುದಿನ ಹುಡುಗಿ ಬದುಕಿರಲಿಲ್ಲ.

“ಅವಳಮ್ಮಂಗೆ ಹೇಳು. ನಾನು ಪ್ರತಿ ಗುರುವಾರ ಹೇಳೋಕೇ ಹೋಗ್ತಿದ್ದೆ. ಟೀ ಕುಡ್ದು ಬರ್ತಿದ್ದೆ. ನನ್ನನ್ನ ಮಣ್ಣು ಮಾಡೋ ದಿನವಾದ್ರೂ ಅವಳಿಗೆ ಗೊತ್ತಿರ್ಲಿ, ಯಾರ ಪೆಟ್ಟಿಗೆ ಹಿಂದೆ ನಡೀತಿದೀನಿ ಅಂತ.”

*

ದರ್ಜಿಯಮ್ಮ ಅಗಲದ ಕುರ್ಚಿಯಲ್ಲಿ ಕೂತಳು. ಕಾಲು ನೆಲ ಮುಟ್ಟಲಿಲ್ಲ. ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು, ಬಟ್ಟೆಯ ನೇಯ್ಗೆ ನೋಡುವ ಹಾಗೆ, ಮೆಲ್ಲಗೆ ಸವರಿದಳು.

“ಇಲ್ಲೇ ಕೂತಿದ್ಲಾ?”

“ಹೂಂ ಆಂಟಿ.”

ಇನ್ನೊಂದು ಕುರ್ಚಿ ಹೊರಗೆ ಪಾದ್ರಿಗಳ ಕೆಳಗಿತ್ತು. ಮಗಳು ನೆಲದ ಮೇಲೆ ಕೂತಳು. ಅವಳಿಗೆ ಇಂಥ ಮಾತು ಬರುತ್ತಿರಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಅಲ್ಲಿ ಮೊದಲು ಸೂಜಿ ಚುಚ್ಚುವುದು, ‘ಆಯ್ತು, ಆಯ್ತು’ ಅನ್ನುವುದು ಆಮೇಲೆ. ಹಾಗೇ ಹೇಳಿಬಿಟ್ಟಳು. ಹುಡುಗಿಯ ಮಾತನ್ನು ಇದ್ದ ಹಾಗೆ, ತಾಯಿಯ ಆಮೆನ್ ಅನ್ನೂ ಇದ್ದ ಹಾಗೆ.

ದರ್ಜಿಯಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“‘ನಾಳೆಯಿಂದ’ ಅಂದ್ಲಾ?”

“ಹೂಂ.”

“ಇಲ್ಲಿಂದ ಮನೆಗೆ ಬಂದು ಒಂಬತ್ತು ಕಾಜಾ ಹಾಕಿದ್ಲು. ಒಂದು ಸೊಟ್ಟ ಇತ್ತು. ಬೈದು ಬಿಚ್ಚಿಸಿದೆ. ಮತ್ತೆ ಹಾಕಿ ಕೊಟ್ಲು. ನೇರವಾಗಿ ಹಾಕಿದ್ಲು.” ಟೇಪು ಬಿಟ್ಟು, “ನೋಡಮ್ಮ, ನನಗೂ ಗೊತ್ತಾಗ್ಲಿಲ್ಲ,” ಎಂದಳು.

ಮಗಳಿಗೆ ಎದೆಯ ಭಾರ ಇಳಿದಂತಾಯಿತು. ಆದರೆ ದರ್ಜಿಯಮ್ಮನ ಮಾತು ಮುಗಿದಿರಲಿಲ್ಲ.

“ಅದಕ್ಕೇ ಬರ್ತಿದ್ರಾ ನಿಮ್ಮಮ್ಮ, ಗುರುವಾರ ಗುರುವಾರ? ಒಂಬತ್ತು ವರ್ಷ?”

“ಅದಕ್ಕೂ...”

“ನಾನು ಸ್ನೇಹ ಅಂದ್ಕೊಂಡಿದ್ದೆ.”

“ಸ್ನೇಹಾನೂ ಇತ್ತು ಆಂಟಿ. ಬುಧವಾರದಿಂದ್ಲೇ ನಿಮ್ಮ ಮಾತು ಶುರು ಮಾಡೋಳು.”

“ಇರ್ಬಹುದು.” ದರ್ಜಿಯಮ್ಮ ತಲೆಯಾಡಿಸಿದಳು. ಗಿರಾಕಿ ಬಟ್ಟೆ ಸರಿಯಾಗಿಲ್ಲ ಎಂದಾಗ ಜಗಳಕ್ಕೆ ನಿಲ್ಲದೆ ಒಪ್ಪಿಕೊಳ್ಳುವವರ ಹಾಗೆ. “ಇಡೀ ವಾರದಲ್ಲಿ ನಮ್ಮನೆ ಬಾಗಿಲು ತಟ್ಟೋರು ಅವರೊಬ್ರೇ. ಹೊಲಿಗೆಗೆ ಬರೋರು ತಟ್ಟಲ್ಲ, ಕೂಗ್ತಾರೆ. ನನಗೋಸ್ಕರ ಬರ್ತಾರೆ ಅಂತ ಎರಡು ಲೋಟ ತೊಳೆದಿಡ್ತಿದ್ದೆ.”

ಹೊರಗೆ ಯಾರೋ ವಾಹನ ಬಂತೆಂದು ಕೂಗಿದರು. ಮಗಳು ಮಂಡಿಯ ಮೇಲೆ ಎದ್ದು, ತನಗೆ ಗೊತ್ತಿದ್ದ ಒಂದೇ ಒಂದನ್ನು ಕೇಳಿದಳು.

“ಆಂಟಿ. ನಿಮಗೆ ಸಾಯ್ಬೇಕು ಅನ್ನಿಸ್ತಿದ್ಯಾ?”

ದರ್ಜಿಯಮ್ಮ ಮೊದಲ ಸಲ ನಕ್ಕಳು. ಮೇಲಿನ ಸಾಲಿನಲ್ಲಿ ಎರಡು ಹಲ್ಲಿರಲಿಲ್ಲ.

“ನೀನೂ ಶುರು ಮಾಡಿದ್ಯಾ? ನಿಮ್ಮಮ್ಮ ಪ್ರತಿ ಗುರುವಾರ ಕೇಳೋರು. ಹೊರಡೋಕೆ ಐದು ನಿಮಿಷ ಇರೋವಾಗ.”

“ನೀವು ಏನಂತಿದ್ರಿ?”

“ಇಲ್ಲ ಅಂತಿದ್ದೆ. ಪಾಪ, ಎರಡು ಬಸ್ಸು ಬದಲಾಯಿಸಿ ಬರ್ತಿದ್ರು. ಹೊರಟು ನಿಂತೋರಿಗೆ ಹೌದು ಅಂದ್ರೆ ಚೆನ್ನಾಗಿರುತ್ತಾ?”

ಗೋಡೆಯ ಗಡಿಯಾರ ಅವಳ ತಲೆಯ ಹಿಂದೆ ನಡೆಯುತ್ತಿತ್ತು. ಮಗಳಿಗೆ ಅದು ಕಾಣುತ್ತಿತ್ತು, ಅವಳಿಗಿಲ್ಲ.

“ಈ ಗುರುವಾರ ನಾನು ಬರ್ತೀನಿ,” ಎಂದಳು ಮಗಳು.

“ಯಾಕೆ?”

ಕೋಪದಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು. ದರ್ಜಿಯಮ್ಮ ಸ್ವಲ್ಪ ಕಾದು, ಕುರ್ಚಿಯಿಂದ ಜಾರಿ ಇಳಿದು, ಹಿಂದೆ ಮುದುರಿದ ಬಟ್ಟೆಯನ್ನು ಕೊಡವಿಕೊಂಡಳು.

“ನಡಿ ಮಗಳೇ. ಕಾಯ್ತಿರ್ತಾರೆ.”

*

ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಮುಚ್ಚಳ ಹಿಡಿದು ನಿಂತಿದ್ದ. ಅಪ್ಪ ಮಗಳ ಮುಖ ನೋಡಿದರು, ತಿಳಿಯಿತು, ತಲೆ ತಗ್ಗಿಸಿದರು.

“ಈ ಸಹೋದರಿಯ ಪ್ರಾರ್ಥನೆಯಿಂದ ಎಷ್ಟೋ ಜೀವಗಳು ಉಳಿದವು,” ಎಂದರು ಪಾದ್ರಿಗಳು. ಹೋದ ವರ್ಷ ಬಂದ ಎಳೆಯ ಪಾದ್ರಿ, ಅವರಿಗೆ ಏನೂ ಗೊತ್ತಿರಲಿಲ್ಲ. “ಪ್ರಾರ್ಥಿಸೋಣ. ಪ್ರತಿಯೊಬ್ಬರೂ ನಿಮ್ಮ ಮನಸ್ಸಿನಲ್ಲಿರುವುದನ್ನು ದೇವರಿಗೆ ಒಪ್ಪಿಸಿ.”

ತಲೆಗಳೆಲ್ಲ ಬಾಗಿದವು. ಬೇಕರಿಯವನು, ಅವನ ಹೆಂಡತಿ, ಮುದುಕಿ, ಅಪ್ಪ, ಎಲ್ಲರ ಕಣ್ಣೂ ಮುಚ್ಚಿದವು. ಮಗಳು ಮುಚ್ಚಲಿಲ್ಲ. ಪಕ್ಕದಲ್ಲಿ ನಿಂತಿದ್ದ ದರ್ಜಿಯಮ್ಮನ ಮುಂಗೈಯನ್ನು ಹಿಡಿದುಕೊಂಡಳು. ಅಭ್ಯಾಸಬಲದಿಂದ ಬೆರಳುಗಳು ನರವನ್ನು ಹುಡುಕಿ ಅಲ್ಲೇ ನಿಂತವು. ಚರ್ಮದ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು.

ದರ್ಜಿಯಮ್ಮನ ಕಣ್ಣು ಮುಚ್ಚಿತ್ತು. ಮುಖ ತಿಳಿಯಾಗಿತ್ತು. ತುಟಿಗಳು ಅಲುಗುತ್ತಿದ್ದವು. ಮಗಳು ಕಿವಿ ಹತ್ತಿರ ತಂದಳು, ಇನ್ನೂ ಹತ್ತಿರ ತಂದಳು. ಪಾದ್ರಿಗಳ ದೊಡ್ಡ ದನಿಯಲ್ಲಿ ಒಂದು ಮಾತೂ ಕೇಳಿಸಲಿಲ್ಲ.

ತುಟಿಗಳು ನಿಂತವು. ಆಗ ನಡುಮನೆಯಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ ಆಮೆನ್ ಅಂದರು.