ಚಿನ್ನದ ಚೌಕಟ್ಟಿನ ಊಟ

ಮೆನು ಕಾರ್ಡನ್ನು ಕಸಿದುಕೊಳ್ಳಲು ಮುಶರಫ ಕೈ ಚಾಚುವಷ್ಟರಲ್ಲಿ ಅಪ್ಪ ಗನಿಸಾಬನ ಬೆರಳು ಚಿನ್ನದ ಚೌಕಟ್ಟಿನ ಮೇಲೆ ಹೋಗಿ ಕೂತೇಬಿಟ್ಟಿತ್ತು.

“ಇದ ತರ್ರಿ. ಐದೂ ಮಂದಿಗೆ,” ಎಂದ ಗನಿಸಾಬ.

ವೇಟರ್ ಹುಡುಗ ಐತ ಚೀಟಿಯ ಮೇಲೆ ಪೆನ್ನು ಊರಿ ಹಾಗೇ ನಿಂತ. “ಮಹಾರಾಜ ಭೋಜನವಾ?”

“ಯಾಕ, ನಮಗ ಕೊಡಂಗಿಲ್ಲೇನು?”

ಎದುರಿಗಿದ್ದ ಗುಲಾಫಶಾ ನಕ್ಕಳು. ಅವಳ ಮಗ ರಿಹಾನ ಫೋನಿನಿಂದ ತಲೆ ಎತ್ತಿದ. ಬಾಂದ್ರಾದಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟವರು, ಮುಶರಫನ ತಂಗಿ ಶಬನಮಳನ್ನು ನೋಡಲು ಬಂದವರು. ಇವತ್ತು ಒಪ್ಪಿದರೆ ಈದ್ ಮುಗಿಯುತ್ತಲೇ ನಿಕಾಹ್. ಹಿಂದೆ ಬಂದವರೆಲ್ಲ ಬೈಕುಲ್ಲಾದ ಚಾಳಿನ ಖೋಲಿಯಲ್ಲಿ ಚಹಾ ಕುಡಿದು, ಗೋಡೆ ನೋಡಿ ಎದ್ದುಹೋಗಿದ್ದರು. ಈ ಸಲ ಯಾವುದಕ್ಕೂ ಕಡಿಮೆಯಾಗಬಾರದೆಂದು ಹಟ ಹಿಡಿದು ಗನಿಸಾಬ ವಿಲೆ ಪಾರ್ಲೆಯ ಈ ಉಡುಪಿ ಹೋಟೆಲಿಗೆ ಕರೆಸಿದ್ದ. “ಈ ಕಾರ್ಡು ನನ್ನ ಮಗಾನೇ ಛಾಪಿಸಿದ್ದು,” ಎಂದು ಕೂತ ಕೂಡಲೇ ಹೇಳಿಯೂ ಆಗಿತ್ತು.

ಅದು ನಿಜ. ಅದಕ್ಕೇ ಮುಶರಫ ಕಾರ್ಡು ಕಸಿಯಲು ಹೊರಟಿದ್ದು. ಪ್ರೂಫ್ ನೋಡುವ ದಿನ ಹೋಟೆಲಿನ ಒಡತಿ ನಮಿತಾ ಅವನಿಗೆ ನಗುತ್ತ ಹೇಳಿದ್ದಳು: ಕಣ್ಣು ಮೊದಲು ಬೀಳುವ ಜಾಗದಲ್ಲಿ ಸಾವಿರದಿನ್ನೂರರ ಊಟ ಇರಲಿ. ಅದನ್ನು ಕಂಡು ಹೌಹಾರಿದವರಿಗೆ ಕೆಳಗಿನ ಮುನ್ನೂರ ತೊಂಬತ್ತರ ವಿಶೇಷ ಊಟ ಅಗ್ಗ ಅನಿಸುತ್ತದೆ. ಮೇಲಿನದನ್ನು ಯಾರೂ ಕೇಳುವುದಿಲ್ಲ. ಅಡುಗೆಮನೆಯಲ್ಲಿ ಅದರ ಸಾಮಾನೂ ಇಲ್ಲ.

ಬೀಗರಾಗುವವರ ಮುಂದೆ ಕೂತ ಅಪ್ಪ ಎರಡನೆಯದಕ್ಕೆ ಬೆರಳು ಇಡಲಾರ ಎಂಬುದು ಅವತ್ತು ನಮಿತಾಳಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಕೈ ತೊಳೆಯುವ ನೆಪ ಹೇಳಿ ಅವನು ಕೌಂಟರಿಗೆ ಧಾವಿಸಿದ.

“ಅದನ್ನು ಆರ್ಡರ್ ಮಾಡುದಾ ಮಾರಾಯ್ರೆ!” ನಮಿತಾ ಹಣೆಗೆ ಕೈ ಒತ್ತಿದಳು. “ಇಲ್ಲ ಅಂತ ಹೇಳಿಬಿಡಿ.”

“ಇಲ್ಲ ಅಂದ್ರ ಅಬ್ಬಾನ ಮಾರಿ ಎಲ್ಲಿ ಉಳೀತದ್ರಿ? ಅವರ ಮುಂದ?”

ಅವಳು ಅಡುಗೆಮನೆಯತ್ತ ನೋಡಿದಳು. “ಹಿತ್ತಾಳೆ ತಟ್ಟೆ ಉಂಟು. ವಿಶೇಷ ಊಟವನ್ನೇ ಅದರಲ್ಲಿ ಹಾಕಿ, ಮೇಲೆ ಗೋಡಂಬಿ ಉದುರಿಸಿ ಕಳಿಸ್ತೇನೆ. ಬಿಲ್ಲು ವಿಶೇಷದ್ದೇ ಮಾಡುವ. ಆಯ್ತಾ?”

ಮುಶರಫ ಹೂಂ ಅಂದ.

ಅವನು ಮರಳಿದಾಗ ಗುಲಾಫಶಾ ಮಾತಿಗೆ ಕೂತಿದ್ದಳು. “ಕುರ್ಲಾದಾಗ ಒಂದು ಹುಡುಗಿ ನೋಡೇವ್ರಿ. ಎಂ.ಕಾಂ. ಮಾಡ್ಯಾಳ, ಹಾಲಿನಂಥಾ ಬಣ್ಣ. ಗಾಡಿ ಕೊಡ್ತೀವಿ ಅಂದ್ರು. ಅಂಥಾದ್ದು ಬಿಟ್ಟು ನಿಮ್ಮಲ್ಲಿಗೆ ಬಂದೇವಿ. ನಿಮ್ಮ ಮಗಳ ನಸೀಬು!”

“ಮೆಹರ್ಬಾನಿ ನಿಮ್ಮದು,” ಎಂದು ಗನಿಸಾಬ ತಲೆ ಬಾಗಿಸಿದ. ಮೆಡಿಕಲ್ ಅಂಗಡಿಗೆ ರಜೆ ಹಾಕಿ ಬಂದಿದ್ದ ಶಬನಮ ಆ ಬಾಗಿದ ತಲೆಯನ್ನೇ ನೋಡುತ್ತಿದ್ದಳು.

ಹಿತ್ತಾಳೆ ತಟ್ಟೆಗಳು ಬಂದವು. ಗನಿಸಾಬನ ಮುಖ ಅರಳಿತು. ಮುಶರಫ ಉಸಿರು ಬಿಟ್ಟ.

“ಅಮ್ಮೀ,” ಎಂದ ರಿಹಾನ, “ಬಾಜೂ ಟೇಬಲ್ ಪೆ ಭೀ ಯಹೀ ಹೈ.”

ಬಾಜೂ ಟೇಬಲ್ಲಿನಲ್ಲಿ ಮಾತ್ರವಲ್ಲ, ಅದರಾಚೆಯ ಟೇಬಲ್ಲಿನಲ್ಲೂ, ಕಿಟಕಿಯ ಬಳಿ ಕೂತ ಕಾಲೇಜು ಹುಡುಗಿಯರ ಮುಂದೂ ಅದೇ ಪಲ್ಯ, ಅದೇ ಕೋಸಂಬರಿ, ಅದೇ ಪಾಯಸ, ಸ್ಟೀಲಿನ ತಟ್ಟೆಗಳಲ್ಲಿ. ಕಾರ್ಡು ತನ್ನ ಕೆಲಸ ಚೊಕ್ಕಟವಾಗಿ ಮಾಡಿತ್ತು.

ಗುಲಾಫಶಾ ಕಾರ್ಡು ಎತ್ತಿಕೊಂಡಳು. “ಬಾದಾಮಿ ಹೋಳಿಗಿ ಅಂತ ಬರದೈತಿ, ಎಲ್ಲೈತ್ರಿ? ಬರೇ ಹಿತ್ತಾಳಿ ತಾಟಿಗೆ ಇಷ್ಟು ರೊಕ್ಕಾನ? ಗನಿಸಾಬ್ರ, ಮಗಾ ಅಪ್ಪಗೇ ಟೋಪಿ ಹಾಕ್ಯಾನಲ್ಲ!”

“ಏನೋ ಇದು?” ಎಂದ ಗನಿಸಾಬ, ಮಗನ ಕಡೆ ತಿರುಗಿ.

ಎಲ್ಲರೂ ಮುಶರಫನನ್ನೇ ನೋಡುತ್ತಿದ್ದರು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

“ಅದು ಕೊಡೂದಲ್ಲ ಅಬ್ಬಾ. ಬರೇ ತೋರಿಸೂದು. ಅದನ್ನ ನೋಡಿದ ಮ್ಯಾಲ ಕೆಳಗಿಂದು ಸಸ್ತಾ ಅನಿಸ್ಬೇಕು, ಅಷ್ಟ.”

“ಹಂಗೇನ್ರಿ!” ಗುಲಾಫಶಾ ಜೋರಾಗಿ ನಕ್ಕಳು. “ತೋರಿಸೂದೊಂದು, ಕೊಡೂದೊಂದು. ಹುಡುಗೀದೂ ಹಿಂಗ ಏನ್ರಿ?”

ಗನಿಸಾಬ ನಗಲು ನೋಡಿದ. ನಗೆ ಬರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟ.

ಅಷ್ಟರಲ್ಲಿ ನಮಿತಾ ಓಡಿಬಂದಳು. “ತಪ್ಪು ನಮ್ಮದೇ ಸಾಹೇಬ್ರೆ. ಬಿಲ್ಲು ಬೇಡ. ಇದು ನಮ್ಮ ಕಡೆಯಿಂದ,” ಎಂದು ಕಾಶಿ ಹಲ್ವದ ಬಟ್ಟಲು ಇಟ್ಟಳು.

ಗುಲಾಫಶಾಳಿಗೆ ಖುಷಿಯಾಯಿತು. “ಹೋಗ್ಲಿ ಬಿಡ್ರಿ, ಯಾಕ ಮಾರಿ ಸಣ್ಣ ಮಾಡ್ತೀರಿ? ಹುಡುಗಿ ನಮಗ ಪಸಂದ್.” ಹಲ್ವ ತುಂಬಿದ ಚಮಚವನ್ನು ಶಬನಮಳ ಕಡೆ ಚಾಚಿದಳು. “ಬಾ ಬೇಟಾ, ಬಾಯಿ ಸಿಹಿ ಮಾಡ್ಕೋ. ಬಾತ್ ಪಕ್ಕಿ, ಸಂಬಂಧ ಗಟ್ಟಿ.”

ಗನಿಸಾಬನ ಕಣ್ಣಿಗೆ ಜೀವ ಬಂತು. ಆ ಕಣ್ಣು ಮಗಳನ್ನು ಬೇಡಿಕೊಳ್ಳುತ್ತಿತ್ತು. ತಂಗಿ ಬಾಯಿ ತೆರೆಯಲಿ ಎಂದು ಮುಶರಫನೂ ಮನಸ್ಸಿನಲ್ಲೇ ಬೇಡಿಕೊಂಡ.

ಶಬನಮ ಬಾಯಿ ತೆರೆದಳು. “ಆ ಕುರ್ಲಾದ ಹುಡುಗಿ ಖರೇನ ಅದಾಳೇನ್ರಿ, ಇಲ್ಲಾ ಅದೂ ಬರೇ ತೋರಿಸೂದೇನು?”

ಚಮಚ ನಡುವಿನಲ್ಲೇ ನಿಂತಿತು. ರಿಹಾನ ಮತ್ತೆ ಫೋನಿಗೆ ತಲೆ ಹಾಕಿದ.

“ಈಗ್ಯಾಕ ಅದೆಲ್ಲಾ? ತಗೋ,” ಎಂದು ಗುಲಾಫಶಾ ಚಮಚವನ್ನು ತುಟಿಯ ತನಕ ತಂದಳು.

“ನಾ ಒಲ್ಲೆ,” ಎಂದಳು ಶಬನಮ.