ನಲವತ್ತನೆಯ ದಿನದ ಪಾಠ

"ನಮ್ಮನ್ನು ಅಗಲಿ ಇಂದಿಗೆ ನಲವತ್ತು ದಿನ," ಎಂದು ವಿದ್ಯಾರ್ಥಿನಿ ಕಾಲಿನಾ ಕಂಬಕ್ಕೆ ಅಂಟಿಸಿದ್ದ ಕಾಗದವನ್ನು ಗಟ್ಟಿಯಾಗಿ ಓದತೊಡಗಿದಾಗ ಎವ್ಟಿಮ್ ಕನ್ನಡಕ ಒರೆಸಿಕೊಳ್ಳುತ್ತಿದ್ದ. "ಲ್ಯುಬೆನ್ ಸ್ತಾನೆವ್. ಅರವತ್ತೆಂಟು ವರ್ಷ. ನಿವೃತ್ತ ಅಧ್ಯಾಪಕರು."

ಒರೆಸುವ ಕೈ ನಿಲ್ಲಲಿಲ್ಲ. ಊರಲ್ಲಿ ಆ ಹೆಸರಿನವರು ಇನ್ನೊಬ್ಬರಿರಬಹುದು.

ಕನ್ನಡಕ ಹಾಕಿಕೊಂಡು ನೋಡಿದ. ಕಪ್ಪು ಅಂಚಿನೊಳಗೆ ಲ್ಯುಬೆನ್ ನಗುತ್ತಿದ್ದ. ಇಬ್ಬರೂ ನಿಂತು ತೆಗೆಸಿಕೊಂಡಿದ್ದ ಚಿತ್ರ ಅದು. ಒಂದು ಪಕ್ಕವನ್ನು ಕತ್ತರಿಸಿದ್ದರು. ಲ್ಯುಬೆನ್‌ನ ಹೆಗಲ ಮೇಲೆ ಎರಡು ಬೆರಳು ಮಾತ್ರ ಉಳಿದಿದ್ದವು. ಅವು ಎವ್ಟಿಮ್‌ನ ಬೆರಳುಗಳು.

ಸಮಾಜಶಾಸ್ತ್ರದ ಮೊದಲ ವರ್ಷದ ಹುಡುಗ ಹುಡುಗಿಯರು ಹನ್ನೊಂದು ಮಂದಿ ಸುತ್ತ ನಿಂತಿದ್ದರು. ಪ್ರತಿ ಅಕ್ಟೋಬರಿನ ಮೊದಲ ತರಗತಿಯನ್ನು ಅವನು ಹೀಗೆ ಬೀದಿಯಲ್ಲೇ ನಡೆಸುತ್ತಿದ್ದ. ಸತ್ತವರ ಕಾಗದಗಳು ಈ ಊರಿನ ಪ್ರತಿ ಬಾಗಿಲು, ಮರ, ಬಸ್ ನಿಲ್ದಾಣದ ಮೇಲೂ ಇರುತ್ತವೆ. ಸಮಾಜ ಅಂದರೇನು ಎಂದು ಕೇಳಿದವರಿಗೆ ಅವನ್ನು ಓದಿಸಿದರೆ ಸಾಕು ಎಂದು ಲ್ಯುಬೆನ್‌ ಮತ್ತು ಅವನು ಮೂವತ್ತೊಂದು ವರ್ಷದ ಹಿಂದೆ ಕೂತು ಈ ಪಾಠ ಕಟ್ಟಿದ್ದರು.

"ಕೆಳಗಡೆ ಓದು," ಎಂದ. ದನಿ ಎಂದಿನಂತೆಯೇ ಇತ್ತು.

"ದುಃಖಿತರು: ಹೆಂಡತಿ ಪೆನ್ಕಾ, ಮಗಳು, ಅಳಿಯ, ಮೊಮ್ಮಕ್ಕಳು, ಎರಡನೇ ಮಹಡಿಯ ನೆರೆಯವರು, ಮೀನು ಹಿಡಿಯುವ ಗೆಳೆಯರು."

"ಮೀನುಗಳನ್ನ ಬಿಟ್ಟುಬಿಟ್ರು," ಎಂದ ಹಿಂದಿನಿಂದ ಒಬ್ಬ. ನಾಲ್ಕೈದು ಮಂದಿ ನಕ್ಕರು.

"ಏ, ಸುಮ್ನಿರೋ," ಎಂದಳು ಕಾಲಿನಾ. ಆಮೇಲೆ ಎವ್ಟಿಮ್‌ನ ಕಡೆ ತಿರುಗಿದಳು. "ಸಾರ್, ಇರೋ ಹೆಸರು ಬಿಡಿ, ಇಲ್ಲದ ಹೆಸರು ಹುಡುಕಿ ಅಂದ್ರಲ್ಲ? ಇವರು ಮೇಷ್ಟ್ರಾಗಿದ್ದೋರು. ಜೊತೆಯ ಮೇಷ್ಟ್ರುಗಳು ಒಬ್ಬರೂ ಇಲ್ಲ ಇದರಲ್ಲಿ."

"ಅಂದರೆ?"

"ಯಾರೂ ಇವರಿಗೆ ಆಗ್ತಿರಲಿಲ್ಲವೇನೋ. ಇಲ್ಲಾ, ಇವರೇ ಯಾರಿಗೂ ಆಗ್ತಿರಲಿಲ್ಲ."

"ಸರಿಯಾಗಿ ಹೇಳಿದೆ," ಎಂದ ಎವ್ಟಿಮ್.

ಜೂನ್ ತಿಂಗಳಲ್ಲಿ ಲ್ಯುಬೆನ್, "ಸಮುದ್ರದ ಕಡೆ ಮಗಳ ಮನೆಗೆ ಹೋಗ್ತೀನಿ ಮಾರಾಯ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಸಿಗೋಣ," ಎಂದಿದ್ದ. ಆಗಸ್ಟ್ ಮೂವತ್ತಕ್ಕೆ ಎವ್ಟಿಮ್ ಫೋನ್ ಮಾಡಿದಾಗ ಪೆನ್ಕಾ, "ಈಗಷ್ಟೇ ಈಜೋಕೆ ಹೋದ್ರು," ಎಂದಿದ್ದಳು. ಈಗ ದಿನ ಎಣಿಸಿ ನೋಡಿದ. ಅವಳು ಹಾಗೆ ಹೇಳುವ ಹೊತ್ತಿಗೆ ಲ್ಯುಬೆನ್ ಮಣ್ಣು ಸೇರಿ ವಾರವಾಗುತ್ತ ಬಂದಿತ್ತು.

ಕಾಗದದ ಕೊನೆಯ ಸಾಲಿನಲ್ಲಿ, ಹನ್ನೊಂದು ಗಂಟೆಗೆ ಸ್ಮಶಾನದಲ್ಲಿ ಪ್ರಾರ್ಥನೆ ಎಂದಿತ್ತು. ಎವ್ಟಿಮ್ ಅತ್ತ ಹೊರಟ. ಪಾಠ ಇನ್ನೂ ಇದೆಯೆಂದುಕೊಂಡು ಹುಡುಗರು ಹಿಂದೆಯೇ ನಡೆದರು. ಅವನು ತಿರುಗಿ ನೋಡಲಿಲ್ಲ.

ಅವನು ಸ್ಮಶಾನ ಮುಟ್ಟುವ ಹೊತ್ತಿಗೆ ಪಾದ್ರಿ ಹೊರಟುಹೋಗಿದ್ದರು. ಗೋರಿಯ ತಲೆಯ ಬಳಿ ಮರದ ಶಿಲುಬೆ, ಅದರ ಕೆಳಗೆ ಮೇಣದಬತ್ತಿಗಳು. ಪೆನ್ಕಾ ಬಂದವರಿಗೆಲ್ಲ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಲೋಟಗಳಲ್ಲಿ ಹಂಚುತ್ತಿದ್ದಳು. ಅವನನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು.

"ಅತ್ತಿಗೆ, ಈಜೋಕೆ ಹೋಗಿದ್ನಾ?"

"ಹಾಗೆ ಹೇಳು ಅಂದಿದ್ರು."

"ಯಾರು?"

"ಇನ್ಯಾರು. ಅವರೇ." ಅವಳು ತಲೆವಸ್ತ್ರ ಸರಿಮಾಡಿಕೊಂಡಳು. "ಏಪ್ರಿಲ್‌ನಲ್ಲೇ ಗೊತ್ತಾಗಿತ್ತು, ಉಳಿಯಲ್ಲ ಅಂತ."

"ಮೇ ತಿಂಗಳೆಲ್ಲ ಭಾನುವಾರ ಭಾನುವಾರ ನಿಮ್ಮ ಮನೇಲೇ ಇದ್ದೆನಲ್ಲ ನಾನು."

"ಇದ್ರಿ. ನೀವು ಹೋದಮೇಲೆ ಅವರು ಗೋಡೆ ಕಡೆ ತಿರುಗಿ ಮಲಗ್ತಿದ್ರು."

"ಯಾಕೆ ಹೇಳಲಿಲ್ಲ ನನಗೆ?"

ಪೆನ್ಕಾ ಮೇಣದಬತ್ತಿಗಳ ಕಡೆ ನೋಡಿದಳು. "ಅತ್ತೆ ಸತ್ತಾಗ ನೀವು ಬಂದು ಮೂರು ದಿನ ನಮ್ಮ ಮನೇಲೇ ಇದ್ರಿ. ಅಡುಗೆ ಮನೇಲಿ ನನ್ನ ಜೊತೆ ಪಾತ್ರೆ ಒರೆಸಿದ್ರಿ. ದೇವರಂಥ ಮನುಷ್ಯ ಅಂದ್ಕೊಂಡಿದ್ದೆ. ಆಮೇಲೆ ನಿಮ್ಮ ಲೇಖನ ಇದ್ದ ಆ ಪತ್ರಿಕೆ ಬಂತು. ಯಾರು ಎಷ್ಟು ಹೊತ್ತು ಅತ್ತರು, ಯಾರು ಬಂದಾಗ ಜೋರಾಗಿ ಅತ್ತರು, ಎಲ್ಲ ಬರೆದಿದ್ರಿ."

"ಹೆಸರು ಹಾಕಿರಲಿಲ್ಲ ಅತ್ತಿಗೆ."

"ಹಾಕಿರಲಿಲ್ಲ. 'ಹಿರಿಯ ಮಗ ಗಂಡಸರ ಎದುರು ಅಳಲಿಲ್ಲ' ಅಂತ ಇತ್ತು. ಅದು ಯಾರು ಅಂತ ಅವರಿಗೆ ಗೊತ್ತಾಗದೆ ಇರುತ್ತಾ? ಅವರು ಅದನ್ನ ಎರಡು ಸಲ ಓದಿ ಮಡಿಸಿಟ್ರು. ನಿಮಗೆ ಏನಾದ್ರೂ ಅಂದ್ರಾ?"

"ಚೆನ್ನಾಗಿದೆ ಅಂದಿದ್ದ."

"ಅಂದಿರ್ತಾರೆ," ಎಂದಳು ಪೆನ್ಕಾ. "ಸಾಯೋ ಮುಂಚೆ ಹೇಳಿದ್ರು, ಎವ್ಟಿಮ್‌ಗೆ ತಿಳಿಸಬೇಡ, ಬಂದರೆ ನನ್ನನ್ನ ಪಾಠ ಮಾಡಿಬಿಡ್ತಾನೆ ಅಂತ."

ಆ ಲೇಖನ ಬಂದು ಹನ್ನೆರಡು ವರ್ಷ. ಹನ್ನೆರಡು ವರ್ಷದ ಭಾನುವಾರಗಳು. ಚದುರಂಗದ ಮಣೆಯ ಆಚೆ ಕೂತು, ಬ್ರಾಂದಿ ಸುರಿದು ಕೊಟ್ಟು, ತಮಾಷೆಗೆಲ್ಲ ನಕ್ಕು, ಆ ಮನುಷ್ಯ ಇವನನ್ನು ಹೊರಗೇ ನಿಲ್ಲಿಸಿದ್ದ. ಇಷ್ಟು ದಿನ ತನ್ನನ್ನು ನೋಡುತ್ತಿದ್ದವನು ಅವನೇ ಎಂದು ಎವ್ಟಿಮ್‌ಗೆ ಈಗ ಹೊಳೆಯಿತು.

ಪೆನ್ಕಾಳ ಕಣ್ಣು ಅವನ ಬೆನ್ನ ಹಿಂದೆ ಹೋಯಿತು. ಹನ್ನೊಂದು ಮಂದಿ ಸಾಲಾಗಿ ನಿಂತಿದ್ದರು. ಕಾಲಿನಾ ಏನೋ ಬರೆದುಕೊಳ್ಳುತ್ತಿದ್ದಳು.

"ಕರ್ಕೊಂಡೇ ಬಂದ್ರಲ್ಲ," ಎಂದಳು ಪೆನ್ಕಾ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ಕರೀಲಿಲ್ಲ..."

ಅವಳು ಅವನ ಕೈಯಲ್ಲಿ ಒಂದು ಲೋಟ ಇಟ್ಟು, ತಟ್ಟೆ ಎತ್ತಿಕೊಂಡು ಹುಡುಗರ ಕಡೆ ಹೋದಳು. "ತಗೊಳ್ಳಿ ಮಕ್ಕಳೇ."

ಹುಡುಗರು ಪುಸ್ತಕ ಮುಚ್ಚಿದರು. ಕೈ ಚಾಚಿ ತೆಗೆದುಕೊಂಡ ಪ್ರತಿಯೊಬ್ಬರೂ, ಅಜ್ಜಿಯರಿಂದ ಕಲಿತಂತೆ, "ದೇವರು ಕ್ಷಮಿಸಲಿ," ಎಂದರು. ಮೀನಿನ ತಮಾಷೆ ಮಾಡಿದ್ದವನೂ ತಲೆ ಬಾಗಿಸಿ ಅದನ್ನೇ ಹೇಳಿದ. ಕಾಲಿನಾಳ ಕಣ್ಣಲ್ಲಿ ನೀರಿತ್ತು. ಆ ಮಾತಿಲ್ಲದೆ ತಿಂದ ಗೋಧಿ ಸತ್ತವರಿಗೆ ಮುಟ್ಟುವುದಿಲ್ಲ. ಯಾರನ್ನು ಕ್ಷಮಿಸಬೇಕು ಎಂಬುದು ಮಾತ್ರ ಆ ಮಾತಿನಲ್ಲಿಲ್ಲ.

ಎವ್ಟಿಮ್‌ನ ಬಾಯ್ತುಂಬ ಗೋಧಿ ಇತ್ತು. ಸಿಹಿಯಾಗಿತ್ತು. ನುಂಗಲಾಗಲಿಲ್ಲ, ಉಗುಳುವಂತಿರಲಿಲ್ಲ. ಹನ್ನೊಂದು ಮುಖಗಳು ಅವನ ತುಟಿಯನ್ನೇ ನೋಡುತ್ತಿದ್ದವು. ಅವನು ಹಸಿ ಮಣ್ಣಿನ ಕಡೆ ತಿರುಗಿ, ಅವರಿಗೆ ಕಾಣದಂತೆ, ಕೇಳದಂತೆ ಹೇಳಿಕೊಂಡ:

ದೇವರೇ, ಕ್ಷಮಿಸು. ಲ್ಯುಬೆನ್‌ಗೆ ಶಾಂತಿ ಕೊಡು. ಯಾರೂ ನೋಡದ ಕಡೆ ಅವನನ್ನು ಇಟ್ಟುಕೋ.